ಮೊದಲು ನೀರಿನ ಲೆಕ್ಕ, ಆಮೇಲೆ ಮಣ್ಣಿನದು: ಕಿರು ಜಲಾನಯನದ ಹರಿವು ಮತ್ತು ಸವಕಳಿಗೆ ಗಣಕ ಮಾದರಿ ಕಟ್ಟುವ ಕ್ರಮ

ಕೃಷಿ ಜಮೀನಿನ ಕಿರು ಜಲಾನಯನಕ್ಕೆ ಸವಕಳಿ ಮಾದರಿ ಕಟ್ಟಲು ಹೊರಟವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಉಪಗ್ರಹದ ಎತ್ತರದ ನಕ್ಷೆಯನ್ನು ಇಳಿಸಿಕೊಳ್ಳುತ್ತಾರೆ, ಐದು ಅಂಶಗಳ ಐದು ನಕ್ಷೆಗಳನ್ನು ಗುಣಿಸುತ್ತಾರೆ, ಪರದೆಯ ಮೇಲೆ ಕೆಂಪು ಹಸಿರಿನ ಚಿತ್ರವೊಂದು ಮೂಡುತ್ತದೆ. ವರ್ಷಕ್ಕೆ ಹೆಕ್ಟೇರಿಗೆ ನೂರಾರು ಟನ್ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಅದು ಹೇಳುತ್ತದೆ. ಹೊಲಕ್ಕೆ ಹೋಗಿ ನೋಡಿದರೆ ಅಷ್ಟು ಮಣ್ಣು ಹೋದ ಗುರುತೇ ಇರುವುದಿಲ್ಲ. ಆಗ ಯಾವುದೋ ಒಂದು ಅಂಶವನ್ನು ತಗ್ಗಿಸಿ, ಉತ್ತರವನ್ನು ಒಪ್ಪುವ ಮಟ್ಟಕ್ಕೆ ಇಳಿಸಿ, ವರದಿ ಬರೆದು ಮುಗಿಸುತ್ತಾರೆ.

ಮಣ್ಣನ್ನು ಹೊತ್ತೊಯ್ಯುವುದು ನೀರು. ನೀರಿನ ಲೆಕ್ಕ ತಪ್ಪಿದ್ದಾಗ ಮಣ್ಣಿನ ಲೆಕ್ಕ ಸರಿಯಾದಂತೆ ಕಂಡರೆ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ ಎಂದು ತಿಳಿಯಬೇಕು. ಅಂಥ ಮಾದರಿ ಮುಂದಿನ ಮಳೆಗೇ ಕೈಕೊಡುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಲೆಕ್ಕಗಳು ಕಣ್ಣಿಗೆ ಕಟ್ಟುವಂತಿರಲಿ ಎಂದು ಉದ್ದಕ್ಕೂ ಒಂದೇ ಕಲ್ಪಿತ ಜಲಾನಯನವನ್ನು ಬಳಸಿದ್ದೇನೆ: 60 ಹೆಕ್ಟೇರ್ ವಿಸ್ತೀರ್ಣ, ನೀರು ಹರಿಯುವ ಅತಿ ಉದ್ದದ ದಾರಿ 1200 ಮೀಟರ್, ಆ ದಾರಿಯ ಸರಾಸರಿ ಇಳಿಜಾರು ಶೇಕಡಾ 3.

ಬೇಕಾಗುವ ಸಾಮಗ್ರಿ

ಕಂಪ್ಯೂಟರಿನಲ್ಲಿ ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್ ಸಾಕು, ಅದು ಉಚಿತ. ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಬೇಕು. ಯಾವ ದೊಡ್ಡ ತಂತ್ರಾಂಶ ಬಳಸಿದರೂ ಮೊದಲ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ನೀವೇ ಮಾಡಿರಬೇಕು.

ಹೊಲಕ್ಕೆ ಬೇಕಾದವು: ಜಿಪಿಎಸ್ ಇರುವ ಮೊಬೈಲ್, 50 ಮೀಟರ್ ಟೇಪು, ಮಟ್ಟ ನೋಡುವ ಉಪಕರಣ, ಮಣ್ಣು ತೆಗೆಯುವ ಆಗರ್, ನೀರು ಇಂಗುವ ವೇಗ ಅಳೆಯಲು ಎರಡು ಉಂಗುರಗಳ ಇಂಗುಮಾಪಕ, ನಿಮಿಷದ ಲೆಕ್ಕದಲ್ಲಿ ದಾಖಲಿಸುವ ಮಳೆಮಾಪಕ, ಮತ್ತು ಕೆಸರುನೀರು ಹಿಡಿಯಲು ಒಂದಷ್ಟು ಬಾಟಲಿಗಳು.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಮಾದರಿಯನ್ನು ಆಮೇಲೆ ಆರಿಸಿ

"ಈ ಜಲಾನಯನದ ಸವಕಳಿ ತಿಳಿಯಬೇಕು" ಎಂಬುದು ಪ್ರಶ್ನೆಯಾಗುವುದಿಲ್ಲ. ಯಾವ ಹೊಲದಿಂದ ಹೆಚ್ಚು ಮಣ್ಣು ಹೋಗುತ್ತದೆ ಎಂಬುದು ಒಂದು ಪ್ರಶ್ನೆ. ಕೆಳಗಿನ ಹೊಂಡ ಎಷ್ಟು ವರ್ಷಕ್ಕೆ ಹೂಳಿನಿಂದ ತುಂಬುತ್ತದೆ ಎಂಬುದು ಇನ್ನೊಂದು. ದೊಡ್ಡ ಮಳೆ ಬಂದಾಗ ತೂಬು ತಡೆದುಕೊಳ್ಳುತ್ತದೆಯೇ ಎಂಬುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಮಾದರಿ ಬೇಕು.

ಹೊಲದಿಂದ ಹೊಲಕ್ಕೆ ದೀರ್ಘಕಾಲದ ಸರಾಸರಿಯನ್ನು ಹೋಲಿಸಲು, ಮಳೆ, ಮಣ್ಣು, ಇಳಿಜಾರು, ಹೊದಿಕೆ, ಸಂರಕ್ಷಣಾ ಕ್ರಮ ಎಂಬ ಐದು ಅಂಶಗಳನ್ನು ಗುಣಿಸಿ ವರ್ಷದ ಸರಾಸರಿ ಸವಕಳಿ ಕೊಡುವ ಆರ್‌ಯುಎಸ್‌ಎಲ್‌ಇ ಸಮೀಕರಣ ಸಾಕು. ಒಂದೇ ಮಳೆಯ ಹರಿವು ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ತಿಳಿಯಲು ಎಚ್‌ಇಸಿ-ಎಚ್‌ಎಂಎಸ್, ಕೈನೆರೋಸ್, ಲಿಸೆಮ್ ತರಹದ, ಮಳೆಯಿಂದ ಹರಿವು ಲೆಕ್ಕ ಹಾಕುವ ತಂತ್ರಾಂಶಗಳು ಹೊಂದುತ್ತವೆ. ಬೆಳೆ ಪರಿವರ್ತನೆ, ಉಳುಮೆ, ಇಳಿಜಾರಿನ ಯಾವ ಭಾಗದಲ್ಲಿ ಮಣ್ಣು ಕಿತ್ತು ಯಾವ ಭಾಗದಲ್ಲಿ ಕೂರುತ್ತದೆ ಎಂಬುದೆಲ್ಲ ಬೇಕಿದ್ದರೆ ವೆಪ್ ಎಂಬ ಸವಕಳಿ ಮಾದರಿ ಒಳ್ಳೆಯದು. ಅದು ಕೆಲವು ನೂರು ಹೆಕ್ಟೇರ್‌ವರೆಗಿನ ಪ್ರದೇಶಕ್ಕೆಂದೇ ಕಟ್ಟಿದ್ದು.

ಸ್ವಾಟ್ ಮಾದರಿಯ ಹೆಸರು ಎಲ್ಲರ ಬಾಯಲ್ಲಿರುವುದರಿಂದ ಅದನ್ನೇ ಹಿಡಿಯುವವರು ಬಹಳ. ಅದು ದೊಡ್ಡ ನದೀಪಾತ್ರಗಳಿಗೆ ಹೇಳಿ ಮಾಡಿಸಿದ್ದು. ಅದರ ಮೂಲರೂಪದಲ್ಲಿ ಒಂದೇ ಬಗೆಯ ಮಣ್ಣು, ಬೆಳೆ, ಇಳಿಜಾರು ಇರುವ ತುಂಡುಗಳನ್ನೆಲ್ಲ ಒಂದು ಘಟಕವಾಗಿ ಒಟ್ಟುಗೂಡಿಸುತ್ತಾರೆ. ಯಾವ ತುಂಡು ಮೇಲಿದೆ, ಯಾವುದು ಕೆಳಗಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. 60 ಹೆಕ್ಟೇರಿನಲ್ಲಿ ಹುಲ್ಲಿನ ಪಟ್ಟಿಯನ್ನು ಎಲ್ಲಿ ಬೆಳೆಸಬೇಕು ಎಂಬ ಪ್ರಶ್ನೆಗೆ ಅದರಿಂದ ಉತ್ತರ ಬರಲಾರದು.

ಹಂತ 2: ಕಂಪ್ಯೂಟರ್ ತೆರೆಯುವ ಮೊದಲು ಜಲಾನಯನವನ್ನು ನಡೆದು ನೋಡಿ

ಸಾಧ್ಯವಿದ್ದರೆ ಮಳೆ ಬರುತ್ತಿರುವಾಗಲೇ ನಡೆಯಿರಿ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಒಂದು ಗಂಟೆಯಲ್ಲಿ ಸಿಗುವ ತಿಳಿವಳಿಕೆ ಯಾವ ನಕ್ಷೆಯಲ್ಲೂ ಸಿಗದು. ಬಂಡಿದಾರಿ ಅಡ್ಡ ಹಾದಿರುವ ಕಡೆ ಮೇಲಿನ ಹೊಲದ ನೀರೆಲ್ಲ ಆ ದಾರಿಗೆ ಇಳಿದು ಪಕ್ಕದ ಹಳ್ಳಕ್ಕೆ ಹೋಗುತ್ತಿರಬಹುದು. ಆಗ ನಕ್ಷೆ ತೋರಿಸುವ ಗಡಿಯೇ ತಪ್ಪು. ಬದು ಒಡೆದ ಜಾಗದಲ್ಲಿ ಇಡೀ ಹೊಲದ ನೀರು ಒಂದೇ ಬಾಯಿಂದ ಧುಮುಕಿ ಕೊರಕಲು ತೋಡಿರುತ್ತದೆ.

ಗುರುತು ಹಾಕಿಕೊಳ್ಳಬೇಕಾದ್ದು ಇಷ್ಟು: ನೀರು ಜಲಾನಯನದಿಂದ ಹೊರಬೀಳುವ ಕಟ್ಟಕಡೆಯ ಜಾಗ, ಬದುಗಳ ಸಾಲು ಮತ್ತು ಅವುಗಳ ನಡುವಿನ ಅಂತರ, ಒಡಕುಗಳು, ಮೋರಿಗಳು, ಹೊಂಡಗಳು, ಮಣ್ಣು ಬಂದು ಕೂತಿರುವ ತಗ್ಗುಗಳು, ಕೊರಕಲುಗಳ ತಲೆ ಮತ್ತು ಬಾಲ. ಬದುವಿನ ಬುಡದಲ್ಲಿ ನುಣುಪು ಮಣ್ಣು ಒಂದು ಗೇಣು ಕೂತಿದ್ದರೆ ಅದರ ಚಿತ್ರ ತೆಗೆದು ಆಳ ಬರೆದಿಡಿ. ಮುಂದೆ ಮಾದರಿಯ ಉತ್ತರವನ್ನು ತಾಳೆ ನೋಡುವಾಗ ಈ ಗುರುತು ನೂರು ಅಂಕಿಗಳಿಗೆ ಸಮ.

ಹಂತ 3: ಅಳತೆಯನ್ನು ಮೊದಲೇ ಶುರು ಮಾಡಿ

ಮಾದರಿ ಸಿದ್ಧವಾದ ಮೇಲೆ ಅಳತೆ ಮಾಡೋಣ ಎಂದುಕೊಂಡರೆ ಒಂದು ಮಳೆಗಾಲ ಕೈತಪ್ಪುತ್ತದೆ. ಕಿರು ಜಲಾನಯನಗಳಲ್ಲಿ ವರ್ಷದ ಬಹುಪಾಲು ಮಣ್ಣು ಕೆಲವೇ ದೊಡ್ಡ ಮಳೆಗಳಲ್ಲಿ ಹೋಗಿಬಿಡುತ್ತದೆ. ಆ ಮಳೆಗಳನ್ನು ಹಿಡಿಯದಿದ್ದರೆ ಉಳಿದ ಅಳತೆಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಹರಿವನ್ನು ಅಳೆಯಲು 90 ಡಿಗ್ರಿಯ ವಿ-ಆಕಾರದ ಕಟ್ಟೆ ಸುಲಭ. ಸೆಕೆಂಡಿಗೆ ಘನ ಮೀಟರ್ ಲೆಕ್ಕದಲ್ಲಿ ಹರಿವು ಸುಮಾರು 1.38 × (ಮೀಟರ್‌ನಲ್ಲಿ ನೀರಿನ ಎತ್ತರದ 2.5ನೇ ಘಾತ). ಎತ್ತರ 0.30 ಮೀಟರ್ ಇದ್ದರೆ ಸೆಕೆಂಡಿಗೆ 68 ಲೀಟರ್. ಆ 2.5 ಎಂಬ ಘಾತವನ್ನು ಗಮನಿಸಿ: ಎತ್ತರವನ್ನು ಶೇಕಡಾ 10ರಷ್ಟು ಹೆಚ್ಚು ಓದಿದರೆ ಹರಿವು ಶೇಕಡಾ 27ರಷ್ಟು ಹೆಚ್ಚಾಗಿ ಬರುತ್ತದೆ. ಜೊತೆಗೆ, ಕಟ್ಟೆಯ ಹಿಂದೆ ನೀರು ನಿಂತು ದಪ್ಪ ಮರಳು ಅಲ್ಲೇ ಕೂರುತ್ತದೆ. ಹೂಳು ಹೆಚ್ಚಿರುವ ಕಡೆ ಎಚ್-ಫ್ಲೂಮ್ ಎಂಬ ತೆರೆದ ತೊಟ್ಟಿ ವಾಸಿ. ಕಟ್ಟೆಯನ್ನೇ ಬಳಸುವುದಾದರೆ ಪ್ರತಿ ಮಳೆಯ ನಂತರ ಹಿಂದೆ ಕೂತ ಮಣ್ಣನ್ನು ತೆಗೆದು, ಒಣಗಿಸಿ, ತೂಗಿ ಲೆಕ್ಕಕ್ಕೆ ಸೇರಿಸಿ.

ಬಾಟಲಿಯಲ್ಲಿ ನೀರು ಹಿಡಿಯುವಾಗ ಗಡಿಯಾರ ನೋಡಬೇಡಿ, ನೀರಿನ ಮಟ್ಟ ನೋಡಿ. ಕಿರು ಹಳ್ಳಗಳಲ್ಲಿ ಕೆಸರಿನ ಸಾಂದ್ರತೆ ಅನೇಕ ವೇಳೆ ಹರಿವು ತುದಿ ಮುಟ್ಟುವ ಮೊದಲೇ ತುದಿ ಮುಟ್ಟಿರುತ್ತದೆ. ನೀರು ಏರುವಾಗ ಮೂರ್ನಾಲ್ಕು ಬಾಟಲಿ, ತುದಿಯಲ್ಲಿ ಒಂದು, ಇಳಿಯುವಾಗ ಎರಡು ಮೂರು ಹಿಡಿಯಿರಿ. ಮಳೆ ನಿಂತ ಮೇಲೆ ಹೋಗಿ ಹಿಡಿದ ಒಂದೇ ಬಾಟಲಿಯನ್ನು ಇಡೀ ಹರಿವಿಗೆ ಗುಣಿಸಿದರೆ ಹೂಳು ಸಾಮಾನ್ಯವಾಗಿ ಕಡಿಮೆ ಬರುತ್ತದೆ.

ಹಂತ 4: ಎತ್ತರದ ನಕ್ಷೆಯನ್ನು ಹದಗೊಳಿಸಿ

ಡಿಇಎಂ ಎಂದು ಕರೆಯುವ ಎತ್ತರದ ಡಿಜಿಟಲ್ ನಕ್ಷೆಗಳಲ್ಲಿ ಉಚಿತವಾಗಿ ಸಿಗುವವು ಹೆಚ್ಚಾಗಿ 30 ಮೀಟರ್ ಚೌಕದವು. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ನಕ್ಷೆಯೂ ಅಂಥದೇ. ಒಂದು ಚೌಕ 900 ಚದರ ಮೀಟರ್. ನಮ್ಮ 60 ಹೆಕ್ಟೇರಿಗೆ ಬರುವುದು ಸುಮಾರು 667 ಚೌಕಗಳು. ಅರ್ಧ ಮೀಟರ್ ಎತ್ತರದ ಬದು ಅದರಲ್ಲಿ ಕಾಣುವುದೇ ಇಲ್ಲ. ಅದೇ ನಕ್ಷೆಯನ್ನು ಕಂಪ್ಯೂಟರಿನಲ್ಲಿ 5 ಮೀಟರ್ ಚೌಕಕ್ಕೆ ಒಡೆದರೆ ಚಿತ್ರ ನುಣುಪಾಗುತ್ತದೆ, ಹೊಸ ಮಾಹಿತಿ ಏನೂ ಬರುವುದಿಲ್ಲ. ಡ್ರೋನ್ ಅಥವಾ ಮಟ್ಟಸರ್ವೆ ಸಾಧ್ಯವಿದ್ದರೆ ಮಾಡಿಸಿ. ಆಗದಿದ್ದರೆ, ನಡೆದು ಗುರುತಿಸಿದ ಬದು, ದಾರಿ, ಮೋರಿಗಳನ್ನು ಕೈಯಾರೆ ನಕ್ಷೆಗೆ ಸೇರಿಸಿ.

ಮಾಡಬೇಕಾದ ಕ್ರಮ:

1. ನಕ್ಷೆಯನ್ನು ಅಕ್ಷಾಂಶ-ರೇಖಾಂಶದ ಡಿಗ್ರಿಗಳಿಂದ ಯುಟಿಎಂ ಎಂಬ ಮೀಟರ್ ಅಳತೆಯ ನಕ್ಷಾಪದ್ಧತಿಗೆ ಬದಲಿಸಿ. ಇದನ್ನು ಮರೆತರೆ ಎತ್ತರ ಮೀಟರಿನಲ್ಲೂ ದೂರ ಡಿಗ್ರಿಯಲ್ಲೂ ಉಳಿದು, ಇಳಿಜಾರುಗಳೆಲ್ಲ ಗೋಡೆಯಷ್ಟು ಕಡಿದಾಗಿ ಕಾಣುತ್ತವೆ.

2. ಸುಳ್ಳು ತಗ್ಗುಗಳನ್ನು ತುಂಬಿ, ನಿಜವಾದ ಹೊಂಡಗಳನ್ನು ಉಳಿಸಿ. ತಂತ್ರಾಂಶಕ್ಕೆ ಇವೆರಡರ ವ್ಯತ್ಯಾಸ ತಿಳಿಯದು. ಹಂತ 2ರ ಟಿಪ್ಪಣಿ ಇಲ್ಲಿ ಬೇಕಾಗುತ್ತದೆ.

3. ಮೋರಿ ಇರುವಲ್ಲಿ ದಾರಿಯ ದಿಬ್ಬವನ್ನು ಕತ್ತರಿಸಿ ನೀರಿಗೆ ದಾರಿ ಬಿಡಿ. ಇಲ್ಲದಿದ್ದರೆ ನಕ್ಷೆಯಲ್ಲಿ ರಸ್ತೆಯ ಹಿಂದೆ ಇಲ್ಲದ ಕೆರೆಯೊಂದು ಹುಟ್ಟಿಕೊಳ್ಳುತ್ತದೆ.

4. ಹರಿವಿನ ದಿಕ್ಕು, ಕೂಡುವ ನೀರಿನ ವಿಸ್ತೀರ್ಣ, ಕೊನೆಗೆ ಜಲಾನಯನದ ಗಡಿ ತೆಗೆಯಿರಿ. ಆ ಗಡಿಯನ್ನು ಮೊಬೈಲಿಗೆ ಹಾಕಿಕೊಂಡು ಮತ್ತೊಮ್ಮೆ ನಡೆಯಿರಿ.

ಇಳಿಜಾರು ಶೇಕಡಾವಾರಿನಲ್ಲಿದೆಯೋ ಡಿಗ್ರಿಯಲ್ಲಿದೆಯೋ ಎಂದು ಪ್ರತಿಸಲ ನೋಡಿಕೊಳ್ಳಿ. 45 ಡಿಗ್ರಿ ಎಂದರೆ ಶೇಕಡಾ 100. ಈ ಗಲಿಬಿಲಿಯಿಂದ ಹಾಳಾದ ನಕ್ಷೆ ನೋಡಲು ಸರಿಯಾಗಿಯೇ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಂತ 5: ಮಳೆಯ ಕಾಲಮಾನವನ್ನು ಸರಿಪಡಿಸಿ

ಅತಿ ಹೆಚ್ಚು ಮಾದರಿಗಳು ಕೆಡುವುದು ಇಲ್ಲಿ ಎಂದು ನನ್ನ ದೃಢವಾದ ಅಭಿಪ್ರಾಯ. ಮೊದಲು ನೀರು ಜಲಾನಯನದ ತುತ್ತತುದಿಯಿಂದ ಹೊರಬಾಯಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ. ಕಿರ್ಪಿಚ್ ಸೂತ್ರದಂತೆ:

ನಿಮಿಷಗಳು = 0.0195 × (ಉದ್ದದ 0.77ನೇ ಘಾತ) ÷ (ಇಳಿಜಾರಿನ 0.385ನೇ ಘಾತ)

ಉದ್ದ 1200 ಮೀಟರ್, ಇಳಿಜಾರು 0.03 ಹಾಕಿದರೆ ಸುಮಾರು 18 ನಿಮಿಷ ಬರುತ್ತದೆ. 18 ನಿಮಿಷದಲ್ಲಿ ಮುಗಿಯುವ ಘಟನೆಯನ್ನು ದಿನಕ್ಕೊಂದು ಮಳೆ ಅಂಕಿಯಿಂದ ಹಿಡಿಯಲಾಗದು. 80 ಮಿ.ಮೀ. ಮಳೆ ಇಡೀ ದಿನ ಹರಡಿ ಬಿದ್ದರೆ ಗಂಟೆಗೆ 3.3 ಮಿ.ಮೀ.; ಎರಡೇ ಗಂಟೆಯಲ್ಲಿ ಬಿದ್ದರೆ ಗಂಟೆಗೆ 40 ಮಿ.ಮೀ. ಮೊದಲನೆಯದು ಬಹುಪಾಲು ಇಂಗಿಹೋದೀತು, ಎರಡನೆಯದು ಹೊಲವನ್ನೇ ಕೊಚ್ಚೀತು. ದಿನದ ದಾಖಲೆಯಲ್ಲಿ ಎರಡೂ ಒಂದೇ ಅಂಕಿ.

ಸವಕಳಿಯ ಶಕ್ತಿಯಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಆರ್‌ಯುಎಸ್‌ಎಲ್‌ಇಯಲ್ಲಿ ಒಂದು ಮಳೆಯ ಕೊಚ್ಚುವ ಶಕ್ತಿ ಎಂದರೆ ಹನಿಗಳ ಒಟ್ಟು ಶಕ್ತಿಯನ್ನು ಆ ಮಳೆಯ ಅತಿ ಬಿರುಸಿನ 30 ನಿಮಿಷದ ತೀವ್ರತೆಯಿಂದ ಗುಣಿಸಿದ್ದು. 30 ಮಿ.ಮೀ. ಮಳೆ ಗಂಟೆಗೆ 10 ಮಿ.ಮೀ.ನಂತೆ ಮೂರು ಗಂಟೆ ಸುರಿದರೆ ಅದು ಸುಮಾರು 49 (ಹೆಕ್ಟೇರಿಗೆ ಮೆಗಾಜೂಲ್ × ಗಂಟೆಗೆ ಮಿ.ಮೀ.). ಅದೇ 30 ಮಿ.ಮೀ. ಅರ್ಧ ಗಂಟೆಯಲ್ಲಿ ಸುರಿದರೆ ಸುಮಾರು 503. ಮಳೆಯ ಪ್ರಮಾಣ ಒಂದೇ, ಶಕ್ತಿ ಹತ್ತು ಪಟ್ಟು.

ಆದ್ದರಿಂದ 5 ಅಥವಾ 10 ನಿಮಿಷದ ಮಳೆ ದಾಖಲೆ ಬೇಕು. ನಿಮ್ಮ ಬಳಿ ದಿನದ ಅಂಕಿ ಮಾತ್ರ ಇದ್ದರೆ ಹತ್ತಿರದ, ಅದೇ ಹವಾಮಾನದ ಕೇಂದ್ರವೊಂದರ ನಿಮಿಷದ ದಾಖಲೆಯಿಂದ ಹಂಚಿಕೆಯ ಸ್ವರೂಪವನ್ನು ತೆಗೆದುಕೊಳ್ಳಿ. ವರ್ಷದ ಮಳೆಗಳ ಒಟ್ಟು ಕೊಚ್ಚುವ ಶಕ್ತಿಯನ್ನು ಆರ್ ಅಂಶ ಎನ್ನುತ್ತಾರೆ. ವಾರ್ಷಿಕ ಮಳೆಯಿಂದ ನೇರವಾಗಿ ಅದನ್ನು ಕೊಡುವ ಸೂತ್ರಗಳು ಹತ್ತಾರು ಇವೆ. ಪ್ರತಿಯೊಂದೂ ಒಂದೊಂದು ಪ್ರದೇಶದ ಅಳತೆಯಿಂದ ಹುಟ್ಟಿದ್ದು. ಬೇರೆ ಹವಾಮಾನದ ಸೂತ್ರವನ್ನು ತಂದು ಹಾಕಿದರೆ ಮುಂದಿನದೆಲ್ಲ ವ್ಯರ್ಥ.

ಹಂತ 6: ಹರಿವಿನ ಪ್ರಮಾಣ ತೆಗೆಯಿರಿ

ವೆಪ್‌ನಂಥ ಮಾದರಿ ಬಳಸುವವರು ಇಲ್ಲಿ ಇಂಗುವ ವೇಗವನ್ನು ಕೊಡುತ್ತಾರೆ. ಅದನ್ನು ಮಣ್ಣಿನ ಕಣಗಾತ್ರದ ಕೋಷ್ಟಕದಿಂದ ಎತ್ತಿಕೊಳ್ಳುವ ಬದಲು ಹೊಲದಲ್ಲೇ ಅಳೆಯಿರಿ. ಬರಿ ಮಣ್ಣಿನ ಮೇಲೆ ಒಂದೆರಡು ಬಿರುಮಳೆ ಬಿದ್ದ ಮೇಲೆ ಕಟ್ಟುವ ತೆಳುವಾದ ಹೆಪ್ಪು ಇಂಗುವ ವೇಗವನ್ನು ಹಲವು ಪಟ್ಟು ತಗ್ಗಿಸಿಬಿಡುತ್ತದೆ. ಕೋಷ್ಟಕದಲ್ಲಿ ಆ ಹೆಪ್ಪಿನ ಸುಳಿವೇ ಇರುವುದಿಲ್ಲ.

ಹೆಚ್ಚಿನವರು ಬಳಸುವುದು ಕರ್ವ್ ನಂಬರ್ ವಿಧಾನ. ಮಣ್ಣು ಮತ್ತು ಹೊದಿಕೆಗೆ ತಕ್ಕಂತೆ ಕೋಷ್ಟಕದಿಂದ ಆರಿಸುವ ಈ ಅಂಕಿ ಹೆಚ್ಚಿದಷ್ಟೂ ಹರಿವು ಹೆಚ್ಚು. ಲೆಕ್ಕ ಸರಳ, ಮಿಲಿಮೀಟರಿನಲ್ಲಿ (ಸಂಗ್ರಹ ಎಂದರೆ ನೆಲ ಹಿಡಿದಿಟ್ಟುಕೊಳ್ಳಬಲ್ಲ ನೀರು):

ಸಂಗ್ರಹ = 25400 ÷ ಕರ್ವ್ ನಂಬರ್ − 254
ಹರಿವು = (ಮಳೆ − 0.2 × ಸಂಗ್ರಹ)² ÷ (ಮಳೆ + 0.8 × ಸಂಗ್ರಹ)

ಮಳೆ 80, ಕರ್ವ್ ನಂಬರ್ 78 ಎಂದಿಟ್ಟುಕೊಳ್ಳಿ. ಸಂಗ್ರಹ 71.6, ಹರಿವು 31.4 ಮಿ.ಮೀ. ನಮ್ಮ 60 ಹೆಕ್ಟೇರಿಗೆ ಅದು 18,800 ಘನ ಮೀಟರ್ ನೀರು. ಕರ್ವ್ ನಂಬರನ್ನು 85 ಮಾಡಿದರೆ ಹರಿವು 43.6ಕ್ಕೆ ಜಿಗಿಯುತ್ತದೆ. ಏಳು ಅಂಕದ ವ್ಯತ್ಯಾಸಕ್ಕೆ ನೀರು ಶೇಕಡಾ 39ರಷ್ಟು ಹೆಚ್ಚಿತು. ಕೋಷ್ಟಕದ ಒಂದು ಸಾಲು ಮೇಲೆ ಕೆಳಗೆ ಓದಿದರೂ ಇಷ್ಟಾಗುತ್ತದೆ.

ಇಲ್ಲಿ ಎರಡು ತಪ್ಪುಗಳನ್ನು ಮತ್ತೆ ಮತ್ತೆ ನೋಡುತ್ತೇನೆ.

ಒಂದು, ಹಿಂದಿನ ದಿನಗಳ ತೇವವನ್ನು ಬಿಟ್ಟುಬಿಡುವುದು. ಕೋಷ್ಟಕದ 78 ಸಾಧಾರಣ ತೇವಕ್ಕೆ. ನೆಲ ಒಣಗಿದ್ದರೆ ಅದು 60ರ ಆಸುಪಾಸಿಗೆ ಇಳಿಯುತ್ತದೆ, ನೆನೆದಿದ್ದರೆ 90ರ ಹತ್ತಿರಕ್ಕೆ ಏರುತ್ತದೆ. ಅದೇ 80 ಮಿ.ಮೀ. ಮಳೆಗೆ ಹರಿವು 60ರಲ್ಲಿ ಸುಮಾರು 10 ಮಿ.ಮೀ., 90ರಲ್ಲಿ ಸುಮಾರು 54. ಮಳೆಗಾಲದ ಮೊದಲ ಮಳೆಗೂ ನಡುಮಳೆಗಾಲದ ಮಳೆಗೂ ಒಂದೇ ಅಂಕಿ ಹಾಕಿ ಹೊಂದಿಸಲು ಒದ್ದಾಡುವವರು ಇದನ್ನು ಗಮನಿಸಬೇಕು.

ಇನ್ನೊಂದು, ಬೇರೆ ಬೇರೆ ಹೊಲಗಳ ಕರ್ವ್ ನಂಬರುಗಳ ಸರಾಸರಿ ತೆಗೆದು ಒಮ್ಮೆಲೇ ಲೆಕ್ಕ ಮಾಡುವುದು. ಅರ್ಧ ಜಮೀನು 60, ಅರ್ಧ ಜಮೀನು 90, ಮಳೆ 50 ಮಿ.ಮೀ. ಎನ್ನೋಣ. ಪ್ರತ್ಯೇಕವಾಗಿ ಲೆಕ್ಕ ಹಾಕಿದರೆ 1.4 ಮತ್ತು 27.1, ಸರಾಸರಿ 14.3 ಮಿ.ಮೀ. ಕರ್ವ್ ನಂಬರಿನ ಸರಾಸರಿ 75 ಹಾಕಿದರೆ ಬರುವುದು 9.3. ಮೂರನೇ ಒಂದು ಭಾಗ ನೀರು ಲೆಕ್ಕದಿಂದಲೇ ಮಾಯ. ಹರಿವನ್ನು ತುಂಡು ತುಂಡಾಗಿ ತೆಗೆದು ಆಮೇಲೆ ಕೂಡಿಸಿ.

ಹಂತ 7: ಶಿಖರ ಹರಿವು

ಒಟ್ಟು ನೀರು ಸರಿಯಿದ್ದರೆ ಸಾಲದು, ಅದು ಎಷ್ಟು ರಭಸದಿಂದ ಹೊರಬಂತು ಎಂಬುದೂ ಬೇಕು. ಒಂದೊಂದು ಮಳೆಯ ಹೂಳಿಗೆ ಬಳಸುವ ಎಂಯುಎಸ್‌ಎಲ್‌ಇ ಸಮೀಕರಣದಲ್ಲಿ ಹರಿವಿನ ಪ್ರಮಾಣ ಮತ್ತು ಶಿಖರ ಹರಿವಿನ ಗುಣಲಬ್ಧವನ್ನು 0.56ನೇ ಘಾತಕ್ಕೆ ಏರಿಸುತ್ತಾರೆ. ಶಿಖರ ಹತ್ತು ಪಟ್ಟು ತಪ್ಪಿದರೆ ಹೂಳು 3.6 ಪಟ್ಟು ತಪ್ಪುತ್ತದೆ. ಹಿಂದಿನ ಹಂತದ ಏಳು ಅಂಕದ ಕರ್ವ್ ನಂಬರ್ ವ್ಯತ್ಯಾಸ ಪ್ರಮಾಣವನ್ನೂ ಶಿಖರವನ್ನೂ ಒಟ್ಟಿಗೆ ಏರಿಸುವುದರಿಂದ ಹೂಳು ಶೇಕಡಾ 44ರಷ್ಟು ಏರುತ್ತದೆ.

ಮಾದರಿಯ ಕಾಲಹೆಜ್ಜೆ, ಅಂದರೆ ಅದು ಒಂದೊಂದು ಸಲ ಲೆಕ್ಕ ಹಾಕುವ ಸಮಯದ ತುಂಡು, ನೀರು ಹರಿದುಬರುವ ಸಮಯದ ಐದನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು ಎಂಬುದು ನಾನು ಪಾಲಿಸುವ ನಿಯಮ. 18 ನಿಮಿಷಕ್ಕೆ 3 ನಿಮಿಷದ ಹೆಜ್ಜೆ ಸರಿ. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಶಿಖರ ಗಮನಾರ್ಹವಾಗಿ ಬದಲಾದರೆ ಇನ್ನೂ ಚಿಕ್ಕದು ಬೇಕು.

ಹಂತ 8: ಈಗ ಮಣ್ಣು

ಆರ್, ಕೆ, ಎಲ್‌ಎಸ್, ಸಿ, ಪಿ ಎಂಬ ಐದು ಅಂಶಗಳಲ್ಲಿ ಆರ್ ಆಗಲೇ ಸಿದ್ಧವಾಗಿದೆ. ಉಳಿದವುಗಳಲ್ಲಿ ಕಾಲು ಜಾರುವ ಜಾಗಗಳು ಇವು.

*ಕೆ, ಮಣ್ಣು ಕೊಚ್ಚಿಹೋಗುವ ಗುಣ.* ಹಳೆಯ ಕೋಷ್ಟಕಗಳು ಅಮೆರಿಕದ ಏಕಮಾನದಲ್ಲಿವೆ. ಅದನ್ನು ಮೆಟ್ರಿಕ್‌ಗೆ ತರಲು 0.1317ರಿಂದ ಗುಣಿಸಬೇಕು. ಮೆಟ್ರಿಕ್ ಆರ್ ಜೊತೆ ಅಮೆರಿಕದ ಕೆ ಸೇರಿಸಿದರೆ ಉತ್ತರ 7.6 ಪಟ್ಟು ಹೆಚ್ಚು ಬರುತ್ತದೆ. ಮೆಟ್ರಿಕ್‌ನಲ್ಲಿ ಕೆ 0.1 ದಾಟುವುದು ಅಪರೂಪ. ನಿಮ್ಮ ನಕ್ಷೆಯಲ್ಲಿ 0.3 ಕಂಡರೆ ಅಲ್ಲೇ ನಿಲ್ಲಿಸಿ ಏಕಮಾನ ನೋಡಿ.

*ಎಲ್‌ಎಸ್, ಇಳಿಜಾರಿನ ಉದ್ದ ಮತ್ತು ಕಡಿದು.* ಈ ಸಮೀಕರಣದ ಅಳತೆಗೋಲು 22.13 ಮೀಟರ್ ಉದ್ದದ, ಶೇಕಡಾ 9 ಇಳಿಜಾರಿನ ತಾಕು. ಇಳಿಜಾರಿನ ಉದ್ದ ಎಂದರೆ ನೀರು ಹರಿಯತೊಡಗಿದ ಜಾಗದಿಂದ ಮಣ್ಣು ಕೂರತೊಡಗುವ ಅಥವಾ ನೀರು ಕಾಲುವೆ ಸೇರುವ ಜಾಗದವರೆಗಿನ ದೂರ ಮಾತ್ರ. ತಂತ್ರಾಂಶಕ್ಕೆ ಬಿಟ್ಟರೆ ಅದು ಬದುಗಳನ್ನು ಹಾರಿ ಹಳ್ಳದ ತನಕ ಎಣಿಸುತ್ತದೆ. ಶೇಕಡಾ 5 ಮತ್ತು ಮೇಲ್ಪಟ್ಟ ಇಳಿಜಾರಿನಲ್ಲಿ ಉದ್ದಕ್ಕೆ 0.5ನೇ ಘಾತ. ಬದುಗಳ ನಡುವೆ 40 ಮೀಟರ್ ಇರುವಲ್ಲಿ ನಕ್ಷೆ 400 ಮೀಟರ್ ಹಿಡಿದರೆ ಸವಕಳಿ 3.2 ಪಟ್ಟು ಹೆಚ್ಚಾಗುತ್ತದೆ. ಹಳ್ಳದ ಪಾತ್ರದ ಚೌಕಗಳನ್ನು ಲೆಕ್ಕದಿಂದ ತೆಗೆದುಹಾಕಿ. ನಕ್ಷೆಯ ಕೆಂಪು ಗೆರೆಗಳೆಲ್ಲ ಹಳ್ಳದ ಮೇಲೇ ಇದ್ದರೆ ಈ ಕೆಲಸ ಬಾಕಿ ಇದೆ ಎಂದರ್ಥ.

*ಸಿ, ಹೊದಿಕೆ.* ಬರಿ ನೆಲಕ್ಕೆ 1, ದಟ್ಟ ಹೊದಿಕೆಗೆ 0.01 ಅಥವಾ ಇನ್ನೂ ಕಡಿಮೆ. ಐದರಲ್ಲಿ ಇಷ್ಟು ವಿಶಾಲವಾಗಿ ಏರಿಳಿಯುವ ಅಂಶ ಇನ್ನೊಂದಿಲ್ಲ. ಬೆಳೆ ಆಳೆತ್ತರ ನಿಂತಾಗ ತೆಗೆದ ಒಂದೇ ಉಪಗ್ರಹ ಚಿತ್ರದಿಂದ ಇದನ್ನು ತೆಗೆಯುವುದು ದೊಡ್ಡ ತಪ್ಪು. ಬಿರುಸಿನ ಮಳೆ ಬೀಳುವುದು ಅನೇಕ ವೇಳೆ ಆಗಷ್ಟೇ ಉತ್ತ, ಬೀಜ ಬಿದ್ದ ಹೊಲದ ಮೇಲೆ. ತಿಂಗಳಿಗೊಂದು ಹೊದಿಕೆಯ ಅಂಕಿ ಮಾಡಿ, ಆಯಾ ತಿಂಗಳ ಆರ್ ಪಾಲಿನಿಂದ ತೂಕ ಕೊಟ್ಟು ಕೂಡಿಸಿ.

*ಪಿ, ಸಂರಕ್ಷಣಾ ಕ್ರಮ.* ಬದುವನ್ನು ಇಳಿಜಾರಿನ ಉದ್ದದಲ್ಲಿ ಒಮ್ಮೆ, ಇಲ್ಲಿ ಇನ್ನೊಮ್ಮೆ ಎಣಿಸಬೇಡಿ. ಒಡೆದ ಬದುವಿಗೆ ಗಟ್ಟಿ ಬದುವಿನ ಅಂಕಿ ಕೊಡಬೇಡಿ.

ಈ ಸಮೀಕರಣ ಹೇಳುವುದು ಪದರ ಸವಕಳಿ ಮತ್ತು ಹೊಲದ ಸಣ್ಣ ಸೀಳುಗಳ ಲೆಕ್ಕವನ್ನು ಮಾತ್ರ. ಕೊರಕಲಿನಿಂದ ಹೋದ ಮಣ್ಣು ಇದರಲ್ಲಿಲ್ಲ. ಅದನ್ನು ಟೇಪು ಹಿಡಿದು ಅಳೆಯಿರಿ: 50 ಮೀಟರ್ ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಹೊಸ ಕೊರಕಲು ಎಂದರೆ 3 ಘನ ಮೀಟರ್, ಸುಮಾರು 3.9 ಟನ್ ಮಣ್ಣು. ಹಾಗೆಯೇ, ಹೊಲದಿಂದ ಕಿತ್ತ ಮಣ್ಣೆಲ್ಲ ಹೊರಬಾಯಿಗೆ ಬರುವುದಿಲ್ಲ. ಬದುವಿನ ಬುಡದಲ್ಲಿ, ಹುಲ್ಲಿನಲ್ಲಿ, ತಗ್ಗಿನಲ್ಲಿ ಬಹಳಷ್ಟು ಕೂರುತ್ತದೆ. ಆರ್‌ಯುಎಸ್‌ಎಲ್‌ಇ ಅಂಕಿಯನ್ನು ಹೊರಬಾಯಿಯ ಬಾಟಲಿ ಅಂಕಿಯೊಡನೆ ನೇರವಾಗಿ ಹೋಲಿಸಿ ಮಾದರಿ ಸುಳ್ಳು ಎಂದು ತೀರ್ಮಾನಿಸುವುದು ಅನ್ಯಾಯ.

ಹಂತ 9: ಮಾದರಿಯನ್ನು ಅಳತೆಗೆ ಹೊಂದಿಸುವುದು

ಮಳೆಗಳನ್ನು ಎರಡು ಗುಂಪು ಮಾಡಿ. ಒಂದರಿಂದ ಹೊಂದಿಸಿ, ಇನ್ನೊಂದನ್ನು ಮುಟ್ಟದೆ ಪರೀಕ್ಷೆಗೆ ಇಟ್ಟುಕೊಳ್ಳಿ. ಎರಡರಲ್ಲೂ ದೊಡ್ಡ ಮಳೆ ಒಂದಾದರೂ ಇರಲಿ. ವರ್ಷಗಟ್ಟಲೆ ಓಡುವ ಮಾದರಿಯಾದರೆ ಮೊದಲ ಒಂದೆರಡು ವರ್ಷದ ಉತ್ತರವನ್ನು ಬಿಟ್ಟುಬಿಡಿ. ನೆಲದ ತೇವ ಒಂದು ಸ್ಥಿತಿಗೆ ಬರಲು ಅಷ್ಟು ಬೇಕು.

ಕ್ರಮ ಹೀಗೆ:

1. ಒಟ್ಟು ಹರಿವು. ಕರ್ವ್ ನಂಬರ್ ಅಥವಾ ಇಂಗುವ ವೇಗವನ್ನು ಮಾತ್ರ ಮುಟ್ಟಿ.

2. ಶಿಖರ ಮತ್ತು ಅದರ ಸಮಯ. ನೆಲದ ಒರಟುತನ, ಕಾಲುವೆಯ ಒರಟುತನವನ್ನು ಮಾತ್ರ ಮುಟ್ಟಿ.

3. ಇವೆರಡೂ ಒಪ್ಪಿದ ಮೇಲೆ ಹೂಳು. ಈಗ ಹೊದಿಕೆ, ಕೊಚ್ಚಿಹೋಗುವ ಗುಣ. ಹೂಳು ಹೊಂದಲಿಲ್ಲವೆಂದು ಕರ್ವ್ ನಂಬರಿಗೆ ಕೈ ಹಾಕಿದರೆ ಮೊದಲ ಎರಡು ಹೆಜ್ಜೆ ಮಣ್ಣುಪಾಲು.

ಒಂದು ಓಟಕ್ಕೆ ಒಂದೇ ಬದಲಾವಣೆ. ಪ್ರತಿ ಓಟದ ದಿನಾಂಕ, ಏನು ಬದಲಿಸಿದಿರಿ, ಏಕೆ, ಏನು ಬಂತು ಎಂಬುದನ್ನು ಬರೆದಿಡಿ.

ಹೊಂದಾಣಿಕೆ ಅಳೆಯಲು ನ್ಯಾಶ್-ಸಟ್‌ಕ್ಲಿಫ್ ಅಂಕ ರೂಢಿಯಲ್ಲಿದೆ. 1 ಎಂದರೆ ಪೂರ್ತಿ ಹೊಂದಿಕೆ. 0 ಎಂದರೆ ಅಳತೆಯ ಸರಾಸರಿಯನ್ನೇ ಉತ್ತರವೆಂದು ಬರೆದಿದ್ದರೂ ಇಷ್ಟೇ ಬರುತ್ತಿತ್ತು. ತಿಂಗಳ ಅಂಕಿಗಳಿಗೆ 0.5ಕ್ಕಿಂತ ಹೆಚ್ಚು, ಒಟ್ಟು ವ್ಯತ್ಯಾಸ ಹರಿವಿನಲ್ಲಿ ಶೇಕಡಾ 25 ಮತ್ತು ಹೂಳಿನಲ್ಲಿ ಶೇಕಡಾ 55ರೊಳಗೆ ಇದ್ದರೆ ತೃಪ್ತಿಕರ ಎಂಬ 2007ರ ಮಾನದಂಡವನ್ನು ಬಹಳ ಜನ ಅನುಸರಿಸುತ್ತಾರೆ. ಆದರೆ ಹತ್ತು ಮಳೆಗಳ ದಾಖಲೆಯಲ್ಲಿ ಒಂದೇ ದೊಡ್ಡ ಮಳೆ ಹೊಂದಿಕೊಂಡರೂ ಅಂಕ ಚೆನ್ನಾಗಿ ಬಂದುಬಿಡುತ್ತದೆ. ಅಂಕಕ್ಕಿಂತ ಮೊದಲು ಪ್ರತಿ ಮಳೆಯ ಏರಿಳಿತದ ರೇಖೆಯನ್ನು ಅಳತೆಯ ರೇಖೆಯ ಮೇಲಿಟ್ಟು ಕಣ್ಣಿನಿಂದ ನೋಡಿ.

ಎಚ್ಚರಿಕೆಯ ಗುರುತುಗಳು

ಹೆಕ್ಟೇರಿಗೆ 13 ಟನ್ ಎಂದರೆ ಸುಮಾರು 1 ಮಿ.ಮೀ. ಮಣ್ಣಿನ ಪದರ. ಮಾದರಿ ವರ್ಷಕ್ಕೆ 260 ಟನ್ ಎಂದರೆ ವರ್ಷಕ್ಕೆ 2 ಸೆಂ.ಮೀ. ಹೋಗಬೇಕು, ಹತ್ತು ವರ್ಷದಲ್ಲಿ ಬೇಲಿಗೂಟಗಳ ಬುಡ ಒಂದು ಗೇಣಷ್ಟು ಬರಿದಾಗಿರಬೇಕು. ಹಾಗಾಗಿದೆಯೇ ನೋಡಿ.

ಹೂಳನ್ನು ನೀರಿನಿಂದ ಭಾಗಿಸಿ. 31.4 ಮಿ.ಮೀ. ಹರಿವು ಎಂದರೆ ಹೆಕ್ಟೇರಿಗೆ 314 ಘನ ಮೀಟರ್. ಆ ಒಂದು ಮಳೆಗೆ ಹೆಕ್ಟೇರಿಗೆ 60 ಟನ್ ಎಂದು ಮಾದರಿ ಹೇಳಿದರೆ ಲೀಟರಿಗೆ 191 ಗ್ರಾಂ ಮಣ್ಣು. ನಿಮ್ಮ ಬಾಟಲಿಗಳಲ್ಲಿ ಲೀಟರಿಗೆ 10 ಗ್ರಾಂ ಇದ್ದರೆ ಸರಿಯಾದ ಅಂಕಿ 3 ಟನ್ ಆಸುಪಾಸು.

ಇವೂ ಅನುಮಾನಕ್ಕೆ ಕಾರಣ: ಹರಿವು ಮಳೆಯನ್ನು ಮೀರುವುದು, ಮಳೆಗೆ ಮೊದಲೇ ಶಿಖರ ಬರುವುದು, ಒಂದು ನಿಯತಾಂಕ ಅನುಮತಿಸಿದ ಮಿತಿಯ ತುದಿಗೆ ಹೋಗಿ ಅಂಟಿಕೊಳ್ಳುವುದು, ಸ್ವಯಂಚಾಲಿತ ಹೊಂದಾಣಿಕೆಯ ನಂತರ ಹುಲ್ಲುಗಾವಲಿಗಿಂತ ಉತ್ತ ಹೊಲದಲ್ಲಿ ನೀರು ಹೆಚ್ಚು ಇಂಗುವುದು.

ಹಂತ 10: "ಹೀಗೆ ಮಾಡಿದರೆ ಏನಾಗುತ್ತದೆ" ಎಂದು ಕೇಳಿ

ಈ ಮಾದರಿಯ ನಿಜವಾದ ಪ್ರಯೋಜನ ಇಲ್ಲಿದೆ. ಹುಲ್ಲಿನ ಪಟ್ಟಿ, ಒಡೆದ ಬದುಗಳ ದುರಸ್ತಿ, ಇಳಿಜಾರಿಗೆ ಅಡ್ಡ ಉಳುಮೆ, ಕೊಯ್ಲಿನ ನಂತರ ಕೂಳೆಯನ್ನು ಹೊಲದಲ್ಲೇ ಬಿಡುವುದು, ಇವನ್ನು ಒಂದೊಂದಾಗಿ ಹಾಕಿ ನೋಡಿ. ಮಳೆ, ಆರಂಭದ ತೇವ, ಉಳಿದ ಎಲ್ಲ ಅಂಕಿಗಳು ಹಾಗೆಯೇ ಇರಲಿ.

ಹಂತ 9ರಲ್ಲಿ ಒಂದೇ ಬಗೆಯ ಹೊಂದಿಕೆ ಕೊಟ್ಟ ಅಂಕಿಗಳ ಗುಂಪು ನಿಮಗೆ ಹಲವು ಸಿಕ್ಕಿರುತ್ತವೆ. ಎಲ್ಲವನ್ನೂ ಉಳಿಸಿಕೊಂಡು ಪ್ರತಿಯೊಂದರಿಂದಲೂ ಪ್ರತಿ ಕ್ರಮವನ್ನು ಓಡಿಸಿ. "ಹುಲ್ಲಿನ ಪಟ್ಟಿಯಿಂದ ಹೂಳು ಶೇಕಡಾ 42 ತಗ್ಗುತ್ತದೆ" ಎಂದು ಬರೆಯುವ ಬದಲು ಎಲ್ಲ ಗುಂಪುಗಳಿಂದ ಬಂದ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಯಿರಿ. ಯಾವ ಗುಂಪಿನ ಅಂಕಿ ಹಾಕಿದರೂ ಬದು ದುರಸ್ತಿಯೇ ಮೊದಲ ಸ್ಥಾನದಲ್ಲಿ ನಿಂತರೆ ಆ ಸಲಹೆಯನ್ನು ಧೈರ್ಯವಾಗಿ ಕೊಡಬಹುದು. ಗುಂಪು ಬದಲಾದಂತೆ ಸ್ಥಾನವೂ ಬದಲಾದರೆ, ಯಾವ ನಿಯತಾಂಕದಿಂದ ಹಾಗಾಗುತ್ತಿದೆ ಎಂದು ಹುಡುಕಿ, ಮುಂದಿನ ಮಳೆಗಾಲದಲ್ಲಿ ಅದನ್ನೇ ಹೊಲದಲ್ಲಿ ಅಳೆಯಿರಿ. ವರದಿಯ ಜೊತೆಗೆ ಮಳೆಯ ಕಡತ, ಹೊಲದ ಟಿಪ್ಪಣಿ, ಓಟಗಳ ದಾಖಲೆ ಮೂರನ್ನೂ ಲಗತ್ತಿಸಿ, ಪ್ರತಿ ಅಂಕಿಯ ಪಕ್ಕ ಏಕಮಾನ ಬರೆದಿರಲಿ.